ಕೇಸಿಲ್ಲದ ಮೂರು ವರ್ಷ

ಮಾನ್ಯ ಅಧ್ಯಕ್ಷರೇ, ವೇದಿಕೆ ತುಂಬಿರುವ ಗಣ್ಯರೇ, ಎನ್. ಬೇಗೂರಿನ ಸಭಿಕರೇ, ಮತ್ತು ಕುರ್ಚಿ ಕೊಟ್ಟರೂ ಬಾಗಿಲಲ್ಲೇ ನಿಂತಿರುವ ಕೆಂಪಿಯವರೇ,

ಫಾರೆಸ್ಟ್ ಗಾರ್ಡ್ ಆಗಿ ನಿವೃತ್ತನಾದ ಈ ಬೆಟ್ಟಸ್ವಾಮಿಗೆ ಶಾಲು ಹೊದಿಸಿ, ಹಕ್ಕುಗಳು ಬೆಳೆದು ಬಂದ ದಾರಿಯ ಬಗ್ಗೆ ಮಾತಾಡಿ ಅಂದಿದ್ದೀರಿ. ಮೊದಲು ಕಾಡು ರಾಜರದು. ಆಮೇಲೆ ಬ್ರಿಟಿಷರದು. ಆಮೇಲೆ ಸರ್ಕಾರದ್ದು. ಹಾಗಾದರೆ ಕಾಡಿನಲ್ಲೇ ಹುಟ್ಟಿದವರದು ಯಾವಾಗ? ಅದಕ್ಕೆ ಎರಡು ಸಾವಿರದ ಆರರವರೆಗೆ ಕಾಯಬೇಕಾಯಿತು, ಆಗ ಅರಣ್ಯ ಹಕ್ಕು ಕಾನೂನು ಬಂತು. ಇಷ್ಟೂ ನನ್ನ ಮಗಳು ಮಧುಶ್ರೀ ಬರೆದುಕೊಟ್ಟದ್ದು. ಇನ್ನು ಮುಂದಿನದು ನನ್ನದು.

ಇಲ್ಲೇ ವಾಸವಿದ್ದಿರಿ ಎನ್ನುವುದಕ್ಕೆ ಕಾನೂನು ಪುರಾವೆ ಕೇಳಿತು. ಕಾಡಿನ ಹಾಡಿಯಲ್ಲಿ ಬಾಳುವ ಬುಡಕಟ್ಟಿನವರ ಹತ್ತಿರ ಕಾಗದ ಎಲ್ಲಿಂದ ಬರಬೇಕು? ಇತ್ತು ಸ್ವಾಮಿ! ‘ಈ ಹಾಡಿಯ ವಾಸಿ ಅಕ್ರಮವಾಗಿ ಜೇನು ಕಿತ್ತದ್ದು’ ಎಂದು ನಾನು ಹಾಕಿದ ಕೇಸುಗಳಿದ್ದವು. ಅವನ್ನೇ ತೋರಿಸಿ ಹದಿನೆಂಟು ಮನೆಯವರು ಇವತ್ತು ಹಕ್ಕುಪತ್ರ ಪಡೆದರು. ಕಾಟ ಕೊಟ್ಟದ್ದಕ್ಕೆ ಸನ್ಮಾನ ಮಾಡಿಸಿಕೊಂಡವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಚಪ್ಪಾಳೆ ಬೇಡ, ಇರಿ.

ಅದೇ ಹಾಡಿಯ ಕೆಂಪಿಯವರಿಗೆ ಮಾತ್ರ ಸಿಗಲಿಲ್ಲ. ಅವರ ಕೇಸುಗಳ ನಡುವೆ ಮೂರು ವರ್ಷ ಖಾಲಿ. ‘ಆಗ ಕೊಡಗಿನ ತೋಟದಲ್ಲಿ ನೆಲೆಸಿದ್ದರೇನೋ?’ ಎಂದು ಹಕ್ಕುಪತ್ರದ ಸಮಿತಿಯವರು ನನ್ನನ್ನೇ ಕೇಳಿದರು. ‘ನೆನಪಿಲ್ಲ’ ಎಂದೆ. ಹೊರಗೆ ಬಂದಾಗ ಕೆಂಪಿ ಅಂದರು, “ಅಲ್ಲಾ ಸೋಮಿ, ಮೂರು ವರ್ಸ ತಿಂದಿದ್ದು ಇಷ್ಟು ಬೇಗ ಮರ್ತೋಯ್ತಾ?”

ಆ ಮೂರು ವರ್ಷವೂ ಜೇನಿನ ಕಾಲಕ್ಕೆ ನಮ್ಮ ಕ್ವಾರ್ಟರ್ಸಿಗೆ ಕೆಂಪಿಯವರಿಂದ ಎರಡು ಬಾಟಲಿ ಜೇನುತುಪ್ಪ ಬರುತ್ತಿತ್ತು. ನಾನು ಕೇಸು ಬರೆಯುತ್ತಿರಲಿಲ್ಲ. ನಾಲ್ಕನೆಯ ವರ್ಷ, “ಮಗಳು ಬಾಣಂತಿ, ಈ ಸಲ ಆಗಕಿಲ್ಲ ಕಣ್ ಸೋಮಿ” ಅಂದರು. ಬರೆದೆ. ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ ಎಂದು ಗಾದೆ. ಇಲ್ಲಿ ಕಿತ್ತವರು ಕೆಂಪಿ, ನೆಕ್ಕಿದವನು ನಾನು.

ಲಂಚ ತಿಂದದ್ದನ್ನು ಶಾಲು ಹೊದ್ದು ಹೇಳಲು ನಾಚಿಕೆಯಾಗುತ್ತದೆ. ಪಿಂಚಣಿಯ ಭಯವೂ ಇದೆ. ನೀಲಾಂಬಿಕೆ, ನನ್ನ ಹೆಂಡತಿ, ಮುಂದಿನ ಸಾಲಿನಿಂದ ಕಣ್ಣು ಬಿಡುತ್ತಿದ್ದಾಳೆ. ಆ ತುಪ್ಪದಲ್ಲಿ ರೊಟ್ಟಿ ಅದ್ದಿದವಳು ನೀನೂ ಹೌದು ಕಣೇ, ಸುಮ್ಮನಿರು.

ಸಮಿತಿಯ ಗುಮಾಸ್ತರೇ, ಬರೆದುಕೊಳ್ಳಿ. ಆ ಮೂರು ವರ್ಷವೂ ಕೆಂಪಿ ಈ ಹಾಡಿಯಲ್ಲೇ ಇದ್ದರು. ಸಾಕ್ಷಿ, ಜೇನು ತಿಂದ ಬೆಟ್ಟಸ್ವಾಮಿ. ಆಯಿತೇ? ಕೊಡಿ, ರುಜು ಹಾಕುತ್ತೇನೆ.

ಇಷ್ಟು ಹೊತ್ತು ಕೇಳಿದಿರಿ, ನಿಮಗೆಲ್ಲ ವಂದನೆ. ಕೆಂಪಿಯವರೇ, ಇನ್ನಾದರೂ ಒಳಗೆ ಬಂದು ಕುಳಿತುಕೊಳ್ಳಿ. ನಮಸ್ಕಾರ.