ಡಾಕ್ಟರ್ ಕೊಂಕಣಿಯೊಳಗ ಹೇಳಿದ್ದು

...ಅತ್ತಾಗಿತ್ತಾಗ ಸರೀಬ್ಯಾಡ ಮೀನಾ, ಕೂದಲ ಸಿಕ್ಕ ಬಿಡಸಾಕತ್ತೇನಿ. ನೋವಾತೇನು? ಹೂಂ ಅನ್ನು, ಊಹೂಂ ಅನ್ನು, ಏನರ ಅನ್ನು! ಗಣಿಯಾಗ ಅದಿರು ತುಂಬೋ ಕೈಗೆ ಹೆಣಲ ಹಾಕಾಕ ಎಲ್ಲಿ ಬರಬೇಕು? ಆದ್ರ ನಿನ್ನ ಬೆರಳು... ಇರಲಿ ಬಿಡು.

ಮಡಗಾಂವದ ದವಾಖಾನಿಯಿಂದ ಸಾವರ್ಡೆತನಕ ರೈಲಿನ್ಯಾಗ ಒಂದು ಮಾತಾಡಲಿಲ್ಲ ನೀ. ಖೋಲಿಗೆ ಬಂದವಳ ಗ್ವಾಡಿಗೆ ಮಾರಿ ಮಾಡಿ ಕುಂತಿ. ಗಂಡಗ ಡಾಕ್ಟರ್ ಏನಂದಾ ಅಂತ ಕೇಳಂಗಿಲ್ಲೇನು? ಅರ್ಧ ತಾಸು ಮಾತಾಡಿದಾ, ಬರೇ ಕೊಂಕಣಿ! ನಿನಗರ ಎಲ್ಲಿ ತಿಳೀಬೇಕು... ಯಾಕ ನಗತಿ? ನಕ್ಕಿ, ನಕ್ಕಿ, ಹೆಗಲು ಅಲ್ಲಾಡಿತು.

ಕೇಳಿಲ್ಲಿ. 'ಪರಶು, ಲಕ್ಷ್ಯ ಕೊಡು' ಅಂದಾ. ನಮ್ಮ ಮೈಯಾಗ ಕಾವಲಿನ ಮಂದಿ ಇರ್ತಾರಂತ, ಜಡ್ಡು ಒಳಗ ಬರದಂಗ ನೋಡಾವ್ರು. ನಿನ್ನ ಮೈಯಾಗ ಆ ಕಾವಲವ್ರ ತಿರುಗಿಬಿದ್ದಾರ. ಕೈಬೆರಳಿನ ಕೀಲಿಗೆ ಹೊಡ್ಯಾಕತ್ತಾರ. ಅದಕ್ಕ ಬಾವು. ಆ ಬಾವಿನ ಉರಿ ರಕ್ತದಾಗ ಹರದು ಮೆದುಳಿಗೂ ಮುಟ್ಟತೈತಂತ! ಹಂಗಾದವ್ರಿಗೆ ಭಾಳ ಸಲ ಮನಸ್ಸೂ ಕುಂದತೈತಿ... ಉಣ್ಣಾಕ ಬ್ಯಾಡ, ಏಳಾಕ ಬ್ಯಾಡ, ಮಂದಿ ಮಾರಿ ಬ್ಯಾಡ. ಜ್ವರ ಬಂದಾಗ ಮೂಲ್ಯಾಗ ಮುದುಡ್ಕೊಂಡು ಬೀಳ್ತೀವಲ್ಲ, ಹಂಗ. ನಿಂದು ಇಳೀಲಾರದ ಜ್ವರ ಅನ್ನು. ಮೈಗಳ್ಳತನ ಅಲ್ಲ! ಅವ್ವ ಅಂತಿದ್ಲು, ನಾನೂ... ನಾನೂ ಅಂತಿದ್ದೆ. ಗೊತ್ತಿರಲಿಲ್ಲ ಮೀನಾ. ಇವತ್ತ ಮೊದಲನೇ ಸಲ ಗೊತ್ತಾತು, ದೇವರಾಣಿ.

ಕೈ ಯಾಕ ತೋರಸ್ತಿ? ಬೆರಳಾ? ...ಇನ್ನ ನೆಟ್ಟಗಾಗಂಗಿಲ್ಲಂತ. ಭಾಳ ತಡಾ ಮಾಡಿ ಕರ್ಕೊಂಡು ಬಂದಿ ಅಂದಾ.

ಅಳವಲ್ಲಿ. ಬೈಯವಲ್ಲಿ. ಬ್ಯಾರೆ ಯಾರರ ಆಗಿದ್ರ 'ತಡಾ ಯಾಕಾತು' ಅಂತ ಕೇಳತಿದ್ರು. ನೀ ಯಾಕ ಕೇಳವಲ್ಲಿ?

ತಡಿ... ತಡಿ. ಡಾಕ್ಟರ್ 'ನಿದ್ದಿ ಬರತೈತೇನು' ಅಂತ ಕೇಳಿದಾಗ ನಾ ಇನ್ನೂ ಕನ್ನಡದಾಗ ಹೇಳೇ ಇರಲಿಲ್ಲ. ನೀ ಆಗಲೇ ಇಲ್ಲಂತ ಗೋಣು ಅಲ್ಲಾಡಿಸಿದಿ! ಗೇರುಬೀಜದ ಕಾರ್ಖಾನಿ... ಆರು ವರ್ಷ ಆ ಗೋವಾದ ಹೆಂಗಸರ ಜೋಡಿ ಕುಂತು ಬೀಜ ಸುಲದಾಕಿ. ಕೊಂಕಣಿ ಬಾರದ ಇರತೈತೇನು? ನಾ ಎಂಥಾ ಮಬ್ಬ!

ಹಂಗಾರ ಎರಡು ವರ್ಷದ ಹಿಂದ, ಕುಡಚಡೆ ಊರಾಗ... ಆ ಮುದುಕ ಡಾಕ್ಟರ್ ಕೊಂಕಣಿಯಾಗ ಹೇಳಿದ್ದು...

ತಿರುಗಬ್ಯಾಡ. ಅಲ್ಲಾ, ತಿರುಗು! ಬೈಯಿ ನನ್ನ! ಹೌದು, ಅವನೂ ಇದನ್ನ ಹೇಳಿದ್ದಾ. ಕೀಲಿಗೊಂದು ಗುಳಿಗಿ, ಮನಸ್ಸಿಗೊಂದು ಗುಳಿಗಿ, ಲಗೂನ ದೊಡ್ಡ ದವಾಖಾನಿಗೆ ಒಯ್ಯಿ, ಕೈಗೆ ತ್ರಾಸ ಕೊಡಬ್ಯಾಡ ಅಂದಿದ್ದಾ. ನಾ ಆ ಚೀಟಿ ಹರದು ಒಗದೆ. ಗೀತಾಂಜಲಿಗೆ ಗಂಡು ನೋಡಾಕತ್ತಿದ್ವಿ... ಅತ್ತಿಗಿ ಹುಚ್ಚಿನ ಗುಳಿಗಿ ತಗೋತಾಳ ಅಂತ ಸುದ್ದಿ ಹಬ್ಬಿದ್ರ ನನ್ನ ತಂಗೀನ್ನ ಯಾರು ಮಾಡ್ಕೋತಾರ ಅಂತ... ಹೊರಗ ಬಂದು ನಿನಗ ಏನ ಹೇಳಿದೆ? 'ಏನೂ ಜಡ್ಡಿಲ್ಲಂತ. ಕೆಲಸಾ ಮಾಡಿದ್ರ ಕೈ ಸಡಲ ಆಗತೈತಂತ.'

ನೀ ಹೂಂ ಅಂದಿ.

ಎಲ್ಲಾ ತಿಳದೂ ಹೂಂ ಅಂದಿ! ಅವತ್ತ ಸಂಜಿಕ ಆ ಬಾವು ಬಂದ ಕೈಲೆ ಒಂದು ಬುಟ್ಟಿ ಅರಬಿ ಒಗದಿ. ನಾ ಕಟ್ಟಿಮ್ಯಾಲ ಕುಂತು ನೋಡಿದೆ. ಒಂದೊಂದ ಅರಬಿ ಹಿಂಡುವಾಗ ನನ್ನ ಕಡೆ ನೋಡತಿದ್ದಿ... ಈಗ ಹೇಳ್ಯಾನು, ಈಗ ಖರೇ ಹೇಳ್ಯಾನು ಅಂತ ಕಾಯ್ತಿದ್ದೇನು, ಮೀನಾ?