ಗಾಲ್ಜಿಗೆ ಹೋಗದ ಪ್ರೋಟೀನು

ಹಲೋ... ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ, ರೈಲ್ವೆ ಸ್ಟೇಷನ್ನಲ್ಲಿದ್ದೀನಿ...

ಓ, ನೀನಾ! ನಮ್ಮ ಲ್ಯಾಬಿನ ಪ್ರಶ್ನೆಪತ್ರಿಕೆ. ಏನಮ್ಮಾ, ಬೆಳಿಗ್ಗೆ ಬೈಸಿಕೊಂಡಿದ್ದು ಸಾಲಲಿಲ್ವಾ?...

ಹಾಂ? ಮತ್ತೆ ಅದೇ ರಾಗ! ಜೀವಕೋಶದ ಪ್ಯಾಕಿಂಗ್ ಕೋಣೆ ಗಾಲ್ಜಿನ ಔಷಧಿ ಹಾಕಿ ಮುಚ್ಚಿದ್ರೂ ನಿನ್ನ ಹಸಿರು ಪ್ರೋಟೀನು ಹೊರಪೊರೆಗೆ ಬಂತು. ಹೇಗೆ ಬಂತಂತೆ, ಗೋಡೆ ಹಾರಿ?...

ಅಡ್ಡದಾರಿ! ಆಹಾ! ಪೊರೆಗೆ ಹೋಗೋ ಪ್ರೋಟೀನು ಮೊದಲು ಗಾಲ್ಜಿ ಹೊಕ್ಕು, ಅಲ್ಲಿ ಸಕ್ಕರೆ ಮೆತ್ತಿಸಿಕೊಂಡು ತಾನೇ ಹೊರಡಬೇಕು? ಎಲ್ಲೋ ನಾಲ್ಕು ಅಡ್ಡದಾರಿ ಹಿಡೀತವೆ, ನನಗೂ ಗೊತ್ತು. ಅದು ನಿನ್ನ ಡಿಶ್ಶಲ್ಲೇ ಆಗ್ಬೇಕಿತ್ತಾ?...

ಔಷಧಿ ಸತ್ತಿದೆ ಕಣೇ! ಹಳೇ ಬಾಟ್ಲಿ. ಗಾಲ್ಜಿ ಮುಚ್ಚೇ ಇಲ್ಲ, ನಿನ್ನ ಪ್ರೋಟೀನು ರಾಜಮಾರ್ಗದಲ್ಲೇ ಬಂದಿದೆ. ನಿನ್ನ ಪಿಎಚ್‌ಡಿ ಗೈಡ್ ಕಿವಿಗೇ ಹೂ ಇಡ್ತೀಯಾ?... ನನ್ನ ಮಾತು ಯಾವತ್ತಾದ್ರೂ ಕೇಳಿದ್ದೀಯಾ ನೀನು? ಮನೆಗೆ ಹೋಗು ಅಂದ್ರೆ ಮೈಕ್ರೋಸ್ಕೋಪ್ ಮುಂದೆ ಕೂರ್ತೀಯ, ಮುಟ್ಟಬೇಡ ಅಂದಿದ್ದನ್ನೇ ಮುಟ್ತೀಯ...

ಏನು? ಕೆಂಪಾ? ಯಾವ ಕೆಂಪು?... ಇನ್ನೊಂದು ಪ್ರೋಟೀನು ಯಾವಾಗ ಹಾಕಿದೆ? ಯಾರನ್ನ ಕೇಳಿ?... ಹೂಂ, ಗಾಲ್ಜಿ ಬಿಟ್ರೆ ಅದಕ್ಕೆ ಬೇರೆ ದಾರಿ ಇಲ್ಲ, ಗೊತ್ತು. ಔಷಧಿ ಸತ್ತ ಮೇಲೆ ಅದೂ ಪೊರೆಗೆ ಬಂದಿರುತ್ತೆ, ಅಲ್ವಾ? ನೀನೇ ಹೇಳು...

ಒಳಗೇ ನಿಂತಿದೆಯಾ?...

ಅದೇ ಡಿಶ್ಶಾ?... ಒಂದೇ ಜೀವಕೋಶದಲ್ಲಿ ಕೆಂಪು ಒಳಗೆ, ಹಸಿರು ಹೊರಗೆ? ಇನ್ನೊಂದ್ಸಲ ಹೇಳು...

ಹಾಗಾದ್ರೆ ಔಷಧಿ ಕೆಲಸ ಮಾಡಿದೆ. ಗಾಲ್ಜಿ ಮುಚ್ಚಿದೆ. ಮುಚ್ಚಿದ್ರೂ... ಥೂ, ಮಂಕು ಬಡಿದಿದ್ದು ನನಗೆ...

ಏ, ತಾಳು. ಇದು ನಿನ್ನೆ ತೆಗೆದ ಚಿತ್ರಾನಾ?... ಬೆಳಿಗ್ಗೆ ನಾನೇನಂದೆ? ಆ ಜೀವಕೋಶ ಎಲ್ಲಾ ಬ್ಲೀಚಿಗೆ ಸುರಿದು ಸಾಯಿಸು ಅಂದೆ. ನೈಟ್ರೋಜನ್ ಡಬ್ಬದಲ್ಲಿ ಹೆಪ್ಪುಗಟ್ಟಿಸಿ ಎತ್ತಿಟ್ಟಿದ್ದನ್ನೂ ಬಿಡಬೇಡ ಅಂದೆ, ಅಲ್ವಾ? ಮೂರು ವರ್ಷ ಕೂತು ಬೆಳೆಸಿದ್ದು ನೀನು. ಬೇರೆಲ್ಲೂ ಇಲ್ಲ ಅದು. ಸುರಿದ್ಯಾ?...

ಅಳ್ತಿದ್ದೀಯಾ, ನಗ್ತಿದ್ದೀಯಾ? ಈ ಗಲಾಟೇಲಿ ಏನೂ ಕೇಳಿಸ್ತಿಲ್ಲ. ಅಮ್ಮಾ ತಾಯಿ, ಇವತ್ತೂ ನನ್ನ ಮಾತು ಕೇಳಿಲ್ಲ ಅಂತ ಒಂದು ಮಾತು ಹೇಳು... ಹಲೋ? ಕೇಳಿಲ್ಲ ತಾನೇ?... ಹಲೋ... ಹಲೋ...