ಬರ್ತಾವ್ರಿ ಸಾಹೇಬ್ರ

ಸಭೆಗೆ ಬಂದ ಹಿರಿಯರಿಗೆ, ಸಕ್ರವ್ವನ ಮಗಳು ಲಲಿತಾಳಿಗೆ, ತಿಕೋಟಾದ ನಮ್ಮ ಮಣೂಕ ಶೆಡ್ಡಿನ ಎಲ್ಲರಿಗೂ ಶರಣು.

ಸಕ್ರವ್ವನ ಫೋಟೋಕ್ಕೆ ಹಾರ ಹಾಕಿದ್ದಾಯಿತು. ಈಗ ಸಿಟ್ಟಿನ ಮಾತು — ಕ್ಷಮಿಸಬೇಕು.

ಸಕ್ರವ್ವ ಹೊನವಾಡದಿಂದ ಬಸ್ಸಿಗೆ ಬರುವವಳು, ನಾನು ತೂಕದ ಕಾಟಾದ ಹತ್ತಿರ ಕೂಡುವವನು. ದ್ರಾಕ್ಷಿ ಬಳ್ಳಿ ಕತ್ತರಿಸಿದವಳು, ಗೊಂಚಲು ಕೊಯ್ದವಳು, ದ್ರಾಕ್ಷಿ ಒಣಗಿ ಮಣೂಕ ಆದ ಮೇಲೆ ಅದನ್ನು ಆರಿಸಿದವಳು. ಹೋದ ವರ್ಷ ಬಲಗೈ ಯಂತ್ರದ ಬೆಲ್ಟಿಗೆ ಸಿಕ್ಕಿತು — ಇಲ್ಲಿಂದ, ನೋಡಿ, ಇಲ್ಲಿಯವರೆಗೆ. ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದೆವು.

ವಿಚಾರಣೆಯ ದಿನ ಸಾಹೇಬರು — ಹೊಸಬರು, ಮೈಸೂರು ಕಡೆಯವರು — ಕೇಳಿದರು: "ಏನೇನು ಕೆಲಸ ಬರುತ್ತಮ್ಮಾ?"

"ಎಲ್ಲಾ ಬರ್ತಾವ್ರಿ ಸಾಹೇಬ್ರ!"

"ಈಗಲೂ ಬರುತ್ತಾ?"

"ಬರದೇನ್ರಿ? ಕೈ ಹೋಗೈತಿ, ಕಲ್ತದ್ದು ಎಲ್ಲಿ ಹೊಕ್ಕೈತ್ರಿ?"

ಮುಗಿಯಿತು! ಕೆಲಸಕ್ಕೆ ಸಮರ್ಥಳು, ಅರ್ಜಿ ವಜಾ.

ಅರೇ — ಬರುವುದು ಬೇರೆ, ನೀಗುವುದು ಬೇರೆ! ಕಲಿತಿದ್ದರೆ ಬರುತ್ತದೆ; ಶಕ್ತಿ ಇದ್ದರೆ ನೀಗುತ್ತದೆ. ನಮ್ಮ ಕಡೆ ಕೂಸಿಗೂ ಗೊತ್ತು. ಇಂಗ್ಲಿಷಿನಲ್ಲಿ ಹೇಳಿದರೆ ತಿಳಿದೀತೆಂದು ನಾನೇ ಎದ್ದೆ. "ಸರ್, ಶೀ ನೋಸ್, ಬಟ್ ಶೀ ಈಸ್ ಅನ್... ಅನ್..." — ಅನ್ ಏನು? ಬಿ.ಎ. ಓದಿದ್ದು ಯಾವ ಕಾಲಕ್ಕೆ! "ಕೂತ್ಕೊಳ್ಳಿ ಯಜಮಾನ್ರೇ" ಅಂದರು. ನಮ್ಮ ಮನೆಯವಳು ವಿಜಯಲಕ್ಷ್ಮೀ — ಈಗಿಲ್ಲ — ಇದ್ದಾಗ ಅನ್ನುತ್ತಿದ್ದಳು: "ನಿಮಗ ಇಂಗ್ಲಿಷ್ ಬರ್ತೈತ್ರಿ, ಬೇಕಾದಾಗ ಅಷ್ಟ ಬರಂಗಿಲ್ಲ." ಇರಲಿ, ಮಾತು ಎಲ್ಲಿಗೋ ಹೋಯಿತು.

ಮೇಲ್ಮನವಿ ಹಾಕಿದೆವು. ಬಸ್ಸಿನಲ್ಲಿ ಹಣೆ ಹಣೆ ಬಡಿದುಕೊಂಡು ಹೇಳಿದೆ: "ಯವ್ವಾ ಸಕ್ರವ್ವ, ನನಗ ನೀಗಂಗಿಲ್ಲ ಅನ್ನು. ಅಷ್ಟ ಸಾಕು."

"ಜನ್ಮೆಲ್ಲಾ ದುಡದೇನಿ ಗುರಲಿಂಗಪ್ಪಣ್ಣ. ಹಂಗ ಅನ್ನಾಕ ನಾಲಿಗಿ ಏಳಂಗಿಲ್ಲ."

ಮರುವಿಚಾರಣೆ ಬರುವುದರೊಳಗೆ ಜ್ವರ ಬಂದು ಹೋಗಿಯೇಬಿಟ್ಟಳು.

ಈಗ ನಮ್ಮ ಮಾಳವ್ವ — ಅಗೋ, ಗೋಡೆಗೆ ಒರಗಿ ಕುಳಿತಿದ್ದಾಳೆ. ಪೆಟ್ಟಿಗೆ ಹೊರುವಾಗ ಬಿದ್ದು ಸೊಂಟ ಹೋಗಿದೆ. ಸೋಮವಾರ ಅವಳ ವಿಚಾರಣೆ, ಅದೇ ಸಾಹೇಬರ ಮುಂದೆ. ಇದೂ ತಪ್ಪಿದರೆ ಅವಳ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಮಾಳವ್ವ, ಎಲ್ಲರೆದುರು ಕೇಳುತ್ತೇನೆ: ಅಲ್ಲಿ ಮೊದಲ ಮಾತು ಏನು ಹೇಳಬೇಕು, ಗೊತ್ತಲ್ಲ?

ಕೇಳಿದಿರಾ? "ಅಷ್ಟು ಹೇಳಾಕ ಬರ್ತೈತಿ ಬಿಡ್ರಿ" ಅನ್ನುತ್ತಾಳೆ!

ನಗಬೇಡಿ. ಲಲಿತಾ, ನೀನು ನಗು ತಾಯಿ, ಪರವಾಗಿಲ್ಲ. ಸೋಮವಾರ ಇವಳ ಪಕ್ಕದಲ್ಲಿ ನೀನು ನಿಲ್ಲು. ಇವಳು ಬಾಯಿ ತೆರೆಯುವ ಮೊದಲು ನೀನು ಹೇಳು — ಇವಳಿಗೆ ನೀಗುವುದಿಲ್ಲ ಅಂತ.

ಇನ್ನು ಸಕ್ರವ್ವನಿಗಾಗಿ ಎರಡು ನಿಮಿಷ ಮಾತು ಬೇಡ. ಎಲ್ಲರೂ ಎದ್ದು ನಿಲ್ಲೋಣ.

ಮಾಳವ್ವ, ನೀನು ಬೇಡ... ಬೇಡ ಅಂದೆನಲ್ಲ! — ಯಾರಾದರೂ ಅವಳನ್ನು ಹಿಡಿದು ಕೂಡಿಸಿರಿ.